ರಾಮಪ್ರಸಾದನಿಗೆ ಅರವತ್ತೈದು ಅಂಕ

ರಾಫಿಯಾಳ ಸ್ಕೂಟರಿಗೆ ನಾಲ್ಕು ಚಕ್ರ. ಕಂಪೆನಿ ಕೊಟ್ಟದ್ದು ಎರಡು, ಆಮೇಲೆ ಪಕ್ಕಕ್ಕೆ ಜೋಡಿಸಿದ್ದು ಎರಡು. ಕೊಕ್ಕಡದ ಒಳರಸ್ತೆಗಳಲ್ಲಿ ಆ ಹೆಚ್ಚಿನ ಚಕ್ರಗಳು ಡಾಮರಿನ ಮೇಲೆ ಇರುವುದಕ್ಕಿಂತ ಚರಂಡಿಯ ಅಂಚಿನಲ್ಲಿ ಇರುವುದೇ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಎರಡು ಗಂಟೆಗೆ ಪಂಚಾಯತಿ ಮುಟ್ಟುತ್ತಾಳೆ. ಅಲ್ಲಿ ಕುರ್ಚಿ ಖಾಲಿ ಇದ್ದರೂ ಕೂರುವುದಿಲ್ಲ. ಕಿಟಕಿಯ ಕಟ್ಟೆಗೆ ಒರಗಿ ನಿಂತೇ ಬರೆಯುತ್ತಾಳೆ. ಕೂತರೆ ಬಲಗಾಲು ಮರಗಟ್ಟುತ್ತದೆ, ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಇನ್ನೊಬ್ಬರ ಕೈ ಕೇಳುವುದು ಅವಳಿಂದ ಆಗದ ಕೆಲಸ.

ಕಾಗದದಲ್ಲಿ ಅವಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಎಂದು ಹೆಸರು. ಊರಿನವರ ಬಾಯಲ್ಲಿ ಅಂಗವಿಕಲರ ಮೇಡಂ. ಪಂಚಾಯತಿಗೆ ಒಬ್ಬರು, ಆ ಒಬ್ಬರೂ ಅಂಗವಿಕಲರೇ ಆಗಿರಬೇಕು. ಅಂದರೆ ನಡೆಯಲಾಗದವರ ಮನೆಮನೆಗೆ ಹೋಗುವ ಕೆಲಸವನ್ನು ನಡೆಯಲು ಕಷ್ಟಪಡುವವರಿಗೇ ಕೊಟ್ಟಿದ್ದಾರೆ. ಇದರಲ್ಲಿ ತಮಾಷೆಯೂ ಇದೆ, ನ್ಯಾಯವೂ ಇದೆ. ಸಂಬಳ ಮಾತ್ರ ಇಲ್ಲ, ಗೌರವಧನ. ಅವಳ ಪಟ್ಟಿಯಲ್ಲಿ ನೂರ ಹನ್ನೆರಡು ಮಂದಿ. ಯಾರ ಪಿಂಚಣಿ ನಿಂತಿದೆ, ಯಾರ ಬೆನ್ನು ಮಲಗಿ ಮಲಗಿ ಹುಣ್ಣಾಗಿದೆ, ಬೀಡಿ ಕಟ್ಟಿ ಕಟ್ಟಿ ಹೆಬ್ಬೆರಳ ಗೆರೆ ಸವೆದ ಯಾವ ಅಜ್ಜಿಯ ಗುರುತನ್ನು ರೇಷನ್ ಅಂಗಡಿಯ ಮೆಷಿನ್ ಒಪ್ಪುತ್ತಿಲ್ಲ, ಯಾರನ್ನು ಯಾವ ಆಸ್ಪತ್ರೆಗೆ ಯಾವ ದಿನ ಕೊಂಡುಹೋಗಬೇಕು, ಎಲ್ಲವೂ ಅವಳ ತಲೆಯಲ್ಲಿ ಮತ್ತು ಒಂದು ಉದ್ದ ಪುಸ್ತಕದಲ್ಲಿ ಉಂಟು.

ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ. ಎರಡು ವರ್ಷದವಳಿದ್ದಾಗ ಜ್ವರ ಬಂತು. ಹೋಗುವಾಗ ಬಲಗಾಲಿನ ಶಕ್ತಿಯನ್ನೂ ಕೊಂಡುಹೋಯಿತು. ತಂದೆ ಅಬ್ದುಲ್ ರವೂಫ್ ಕೊಕ್ಕಡದಲ್ಲಿ ಒಣಮೀನಿನ ಅಂಗಡಿ ಹಾಕಿದಾಗ ಸಂಸಾರ ಈಚೆ ಬಂತು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು ತಿರುಮಲೇಶ್ವರ ಮಾಸ್ಟ್ರು. ಅವಳ ಬೆಂಚನ್ನು ಬಾಗಿಲ ಹತ್ತಿರಕ್ಕೆ ಹಾಕಿಸಿದವರು ಅವರೇ. ಹತ್ತನೆಯ ತರಗತಿಯ ಲೆಕ್ಕದಲ್ಲಿ ಅವಳಿಗೆ ಎಪ್ಪತ್ತೆಂಟು ಬಂದಾಗ ಒಣಮೀನಿನ ಅಂಗಡಿಯ ಒಳಗೇ ಬಂದು, ಮೂಗು ಮುಚ್ಚಿಕೊಳ್ಳದೆ, ಗಿರಾಕಿಗಳಿಗೆಲ್ಲ ಸಕ್ಕರೆ ಹಂಚಿದವರೂ ಅವರೇ.

ಎಂಡೋಸಲ್ಫಾನ್ ಪೀಡಿತರ ಧರಣಿಯಲ್ಲಿ ಅವಳು ಮೊದಲ ಸಲ ನಮ್ಮ ಕಣ್ಣಿಗೆ ಬಿದ್ದದ್ದು. ತಾಲೂಕು ಕಚೇರಿಯ ಎದುರು ಶಾಮಿಯಾನ, ಮೈಕು, ಭಾಷಣ. ಅವಳು ಒಂದು ಘೋಷಣೆಯನ್ನೂ ಕೂಗಲಿಲ್ಲ. ಗಾಲಿಕುರ್ಚಿಯಲ್ಲಿ ಬಂದವರನ್ನು ಮೂತ್ರಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಕಚೇರಿಯ ಸುತ್ತ ಎರಡು ಸುತ್ತು ಹಾಕಿ, ಕೊನೆಗೆ ಪಕ್ಕದ ಹೋಟೆಲಿನವನ ಹತ್ತಿರ ಜಗಳವಾಡಿ ಹಿಂಬಾಗಿಲು ತೆಗೆಸಿದಳು. ಧರಣಿ ಕರೆದ ನಮ್ಮಲ್ಲಿ ಒಬ್ಬರಿಗೂ ಆ ಯೋಚನೆ ಬಂದಿರಲಿಲ್ಲ.

ಪಟ್ಟಿಯಲ್ಲಿ ಮೂವತ್ತೊಂದನೆಯ ಹೆಸರು ರಾಮಪ್ರಸಾದ. ವಯಸ್ಸು ಮೂವತ್ತಾರು, ತೂಕ ಐವತ್ತೆಂಟು ಕಿಲೋ. ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವನು. ಕೈಕಾಲು ಸೆಟೆದುಕೊಂಡಿವೆ, ಆಗಾಗ ಫಿಟ್ಸ್ ಬರುತ್ತದೆ. ಮಾತು ಇಪ್ಪತ್ತು ಮೂವತ್ತು, ಅದರಲ್ಲಿ ಅರ್ಧ ಬಸ್ಸುಗಳ ಹೆಸರು. ಹಾರ್ನ್ ಕೇಳಿಯೇ ಯಾವ ಬಸ್ಸು ಎಂದು ಹೇಳುತ್ತಾನೆ, ತಪ್ಪುವುದಿಲ್ಲ. ಬೆಳಿಗ್ಗೆ ಮೀಯಿಸಿ, ತಿಂಡಿ ತಿನ್ನಿಸಿ, ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂರಿಸಿದರೆ ಮಧ್ಯಾಹ್ನದವರೆಗೆ ಅವನಿಗೆ ಇನ್ನೇನೂ ಬೇಡ. ಕೂರಿಸುವುದು ತಡವಾದರೆ ಕಚ್ಚುತ್ತಾನೆ. ಸಿಕ್ಕಿದವರನ್ನು, ಯಾರೂ ಸಿಗದಿದ್ದರೆ ತನ್ನ ಕೈಯನ್ನೇ.

ಮೀಯಿಸುವವಳು, ತಿನ್ನಿಸುವವಳು, ಎತ್ತುವವಳು ಒಬ್ಬಳೇ, ತಾಯಿ ತುಂಗಾ. ಅರವತ್ತನಾಲ್ಕು ವರ್ಷ. ಗಂಡ ಹೋಗಿ ಹನ್ನೆರಡು ವರ್ಷವಾಯಿತು. ರಸ್ತೆ ಬದಿಯಲ್ಲಿ ಹದಿನಾರು ಸೆಂಟ್ಸ್ ಜಾಗ, ಎರಡು ಕೋಣೆಯ ಮನೆ, ಹಪ್ಪಳದ ವ್ಯಾಪಾರ. ಮನೆಯ ಕಷ್ಟವನ್ನು ಹೊರಗೆ ಆಡುವ ಹೆಂಗಸಲ್ಲ. ಹೇಗಿದ್ದೀರಿ ಎಂದು ಯಾರೇ ಕೇಳಲಿ, ಒಳ್ಳೆದುಂಟು ಎಂಬ ಒಂದೇ ಉತ್ತರ. ರಾಫಿಯಾಳನ್ನು ಮೊದಲ ವರ್ಷ ಜಗಲಿಯಿಂದ ಒಳಗೆ ಬಿಟ್ಟಿರಲಿಲ್ಲ. ಒಂದು ದಿನ ಮಗನಿಗೆ ಫಿಟ್ಸ್ ಬಂದು, ರಾಫಿಯಾ ಕೇಳದೆ ಕೇಳಿಸಿಕೊಳ್ಳದೆ ಅಡುಗೆಮನೆಗೆ ನುಗ್ಗಿ ನೀರು ತಂದಳು. ಅದಾದ ಮೇಲೆ ಗೆರೆ ಅಳಿಸಿಹೋಯಿತು. ಪ್ರತಿ ಮಂಗಳವಾರ ರಾಫಿಯಾ ಹೋಗುತ್ತಿದ್ದಳು. ತುಂಗಾ ತನ್ನ ಮಗಳಿಗೂ ಹೇಳದ್ದನ್ನು ಮೆಲ್ಲಮೆಲ್ಲ ಇವಳಿಗೆ ಹೇಳತೊಡಗಿದಳು. ಪಂಚಾಯತಿಗೆ ಬಂದು ರಾಫಿಯಾ ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಬರೆಯದಿದ್ದರೆ ಆಫೀಸಿನವರ ಲೆಕ್ಕದಲ್ಲಿ ಅದು ನಡೆದದ್ದೇ ಅಲ್ಲ.

ಜನವರಿಯಲ್ಲಿ ತಾಯಿ, ಮಗ ಇಬ್ಬರೂ ಬಚ್ಚಲಿನ ಬಾಗಿಲಲ್ಲಿ ಬಿದ್ದರು. ಬೆಳಿಗ್ಗೆ ಹತ್ತಕ್ಕೆ ಬಿದ್ದವರನ್ನು ಹಪ್ಪಳ ಕೊಳ್ಳಲು ಬಂದವರು ಎಬ್ಬಿಸಿದಾಗ ಒಂದು ಗಂಟೆ. ತುಂಗಾಳ ಸೊಂಟದ ಮೂಳೆಯಲ್ಲಿ ಬಿರುಕು. ಇನ್ನು ಐದು ಕಿಲೋ ಕೂಡ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಮಗನ ತೂಕವನ್ನು ಡಾಕ್ಟರು ಕೇಳಲಿಲ್ಲ.

ಮಗಳು ಶುಭಶ್ರೀ ಬಂಟ್ವಾಳದಲ್ಲಿ ಸಹಕಾರಿ ಸಂಘವೊಂದರ ಗುಮಾಸ್ತೆ. ಅವಳ ಮನೆಯಲ್ಲೂ ಅತ್ತೆ ಹಾಸಿಗೆ ಹಿಡಿದಿದ್ದಾರೆ. ತಮ್ಮನಿಗಾಗಿ ಘಾಟಿಯ ಆಚೆ ಒಂದು ವಸತಿ ಕೇಂದ್ರದಲ್ಲಿ ಜಾಗ ಹುಡುಕಿದಳು. ಏಪ್ರಿಲ್ ಒಂದನೇ ತಾರೀಕಿಗೆ ಕರೆದುಕೊಂಡು ಬರಲು ಹೇಳಿದರು. ತುಂಗಾ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಅನ್ನ ಬಿಟ್ಟಳು. ವಿಷಯ ಕೇಳಿ ರಾಫಿಯಾ ಫೋನ್ ಮಾಡಿದಾಗ ಶುಭಶ್ರೀಯೇ ಮೊದಲು ಮಾತು ತೆಗೆದಳು.

“ರಾಫಿಯಾ, ತಮ್ಮನನ್ನು ಎಸೆಯಲಿಕ್ಕೆ ಹೊರಟಿದ್ದೇನೆ ಅಂತ ನೀನೂ ಹೇಳ್ಬೇಡ. ಅವತ್ತು ಅಮ್ಮ ಸತ್ತೇ ಹೋಗಿದ್ರೆ ಅವನು ಅವಳ ಅಡಿಯಲ್ಲೇ ಇರ್ತಿದ್ದ. ನಾಳೆ ಹಾಗಾಗುವುದಿಲ್ಲ ಅಂತ ನೀನು ಬರೆದು ಕೊಡ್ತೀಯಾ?”

“ಕೊಡ್ತೇನೆ. ಒಂದನೇ ತಾರೀಕಿನವರೆಗೆ ಸಮಯ ಕೊಡು.”

ಹೇಳಿದ್ದೇನೋ ಹೇಳಿಬಿಟ್ಟಳು. ಅಂಥ ಒಂದು ಕೇಂದ್ರವನ್ನು ಅವಳು ಒಮ್ಮೆ ನೋಡಿದ್ದಳು. ನೆಲ ಚೊಕ್ಕ, ಊಟ ಹೊತ್ತಿಗೆ ಸರಿ, ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಅರವತ್ತು ಮಂಚ. ಮಧ್ಯಾಹ್ನ ಮೂರು ಗಂಟೆಗೆ ಅರವತ್ತು ಮಂದಿಯೂ ಗೋಡೆ ನೋಡುತ್ತಾ ಮಲಗಿದ್ದರು. ಅಲ್ಲಿಂದ ಹೊರಗೆ ಬಂದು ಸ್ಕೂಟರ್ ಚಾಲೂ ಮಾಡಲು ಅವಳಿಗೆ ಐದು ನಿಮಿಷ ಬೇಕಾಗಿತ್ತು.

ಆ ವರ್ಷ ಮೂಡುಬಿದಿರೆಯ ಒಂದು ಸಂಸ್ಥೆ ಬೆಳ್ತಂಗಡಿ ತಾಲೂಕಿನಲ್ಲಿ ಹೊಸ ಕೆಲಸ ಶುರು ಮಾಡಿತ್ತು. ಹಾಸಿಗೆ ಹಿಡಿದವರನ್ನು, ಅಂಗವಿಕಲರನ್ನು ಎಲ್ಲಿಗೂ ಸಾಗಿಸದೆ ಅವರವರ ಮನೆಯಲ್ಲೇ ನೋಡಿಕೊಳ್ಳುವುದು. ದಿನಾ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ತರಬೇತಾದ ಒಬ್ಬರನ್ನು ಮನೆಗೆ ಕಳಿಸುತ್ತಾರೆ, ಹದಿನೈದು ದಿನಕ್ಕೊಮ್ಮೆ ನರ್ಸ್ ಬರುತ್ತಾಳೆ. ಉಳಿದ ಹೊತ್ತನ್ನು ಮನೆಯವರು, ನೆರೆಯವರು ಹಂಚಿಕೊಳ್ಳಬೇಕು. ಎಲ್ಲವನ್ನೂ ಹೊಂದಿಸಿ ಹಿಡಿದಿಡಲು ಊರಿನಲ್ಲಿ ಒಬ್ಬರು ಬೇಕು. ಆ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ, ರಾಫಿಯಾಳ ಹೆಸರು ಬರೆದುಕೊಂಡರು.

ಅವಳು ಹಾಳೆಗೆ ಗೆರೆ ಹಾಕಿ ಮನೆಮನೆ ಹತ್ತಿದಳು. ರಬ್ಬರ್ ಟ್ಯಾಪಿಂಗ್ ಮಾಡುವ ಅಬ್ದುಲ್ ಮಜೀದ್ ಮಧ್ಯಾಹ್ನ ಹನ್ನೆರಡೂವರೆಗೆ ಬಂದು ರಾಮಪ್ರಸಾದನನ್ನು ಜಗಲಿಯಿಂದ ಎತ್ತಿ ಒಳಗೆ ಮಲಗಿಸಲು ಒಪ್ಪಿದ. ನಾಲ್ಕಕ್ಕೆ ಅಂಗನವಾಡಿಯ ಸಹಾಯಕಿ. ಸಂಜೆ ಐದರಿಂದ ಆರು ನೆರೆಮನೆಯ ತಿರುಮಲೇಶ್ವರ ಮಾಸ್ಟ್ರು, ಈಗ ನಿವೃತ್ತರು, ಎಪ್ಪತ್ತೆರಡು ವರ್ಷ. ಇಡೀ ದಿನ ತುಂಬಿತು. ಬೆಳಿಗ್ಗೆಯ ನಾಲ್ಕು ಗಂಟೆ ಮಾತ್ರ ಖಾಲಿ. ಹೇಲುಚ್ಚೆ ಬಳಿದು, ಮೀಯಿಸಿ, ಎತ್ತಿ ಕೂರಿಸುವ ಹೊತ್ತು ಅದು. ಅದಕ್ಕೆ ಸಂಸ್ಥೆಯ ಜನ ಬರಲೇಬೇಕು. ಬರಬೇಕಾದರೆ ಅವರ ಪರೀಕ್ಷಾ ಫಾರ್ಮ್ ದಾಟಬೇಕು. ಹತ್ತು ಪ್ರಶ್ನೆ, ನೂರು ಅಂಕ. ತಾನೇ ಉಣ್ಣುತ್ತಾನಾ, ತಾನೇ ಮೀಯುತ್ತಾನಾ, ಮೂತ್ರ ಬಂದದ್ದು ತಿಳಿಯುತ್ತದಾ. ತಾನೇ ಮಾಡಿದರೆ ಅಂಕ, ಮಾಡದಿದ್ದರೆ ಸೊನ್ನೆ. ಒಟ್ಟು ನಲ್ವತ್ತಕ್ಕಿಂತ ಕಡಿಮೆ ಬಂದವರಿಗೆ ಮಾತ್ರ ಜನ ಸಿಗುತ್ತದೆ.

ರಾಫಿಯಾ ತಪ್ಪಿದ್ದು ಇಲ್ಲಿ. ಮಂಗಳೂರಿನಲ್ಲಿ ಅವಳಿಗೆ ಒಂದು ವಾರದ ತರಬೇತಿ ಇತ್ತು. ಹೊರಡುವ ಗಡಿಬಿಡಿಯಲ್ಲಿ ಫಾರ್ಮಿನ ಒಂದು ಪ್ರತಿಯನ್ನು ತುಂಗಾಳ ಕೈಯಲ್ಲಿಟ್ಟು, ಬರುವ ಬುಧವಾರ ಒಬ್ಬರು ಬಂದು ಇದನ್ನು ಕೇಳ್ತಾರೆ ಎಂದಳು. ಕಡಿಮೆ ಬರಬೇಕು ಎಂದು ಹೇಳಲಿಲ್ಲ. ಅದು ಹೇಳಬೇಕಾದ ಮಾತು ಎಂದು ಅವಳಿಗೆ ತೋಚಲಿಲ್ಲ.

ತುಂಗಾ ಫಾರ್ಮನ್ನು ಮಾಸ್ಟ್ರಿಗೆ ತೋರಿಸಿದಳು. ಮಾಸ್ಟ್ರು ಕನ್ನಡಕ ಏರಿಸಿ ಓದಿದರು. ನೂರು ಅಂಕ ಎಂದು ಕೆಳಗೆ ಅಚ್ಚಾಗಿತ್ತು. ಈ ಜಿಲ್ಲೆಯಲ್ಲಿ ಅಂಥ ಕಾಗದವನ್ನು ಯಾರ ಕೈಗೂ ಕೊಡಬಾರದು. ಫಲಿತಾಂಶದ ದಿನ ಮನೆ ಮುಂದೆ ಫ್ಲೆಕ್ಸ್ ಹಾಕುವ ಜನ ನಾವು. ಮಕ್ಕಳನ್ನು ಮೂಡುಬಿದಿರೆಯ ಹಾಸ್ಟೆಲುಗಳಿಗೆ ತುಂಬಿ, ಒಂದು ಅಂಕ ಕಮ್ಮಿಯಾದರೆ ಮದುವೆಮನೆಗೂ ಹೋಗದೆ ಕೂರುವ ಜನ. ಮಾಸ್ಟ್ರು ಮೂವತ್ತೆಂಟು ವರ್ಷ ಹತ್ತನೆಯ ತರಗತಿಯನ್ನು ದಡ ಮುಟ್ಟಿಸಿದವರು. ಇವನು ಪಾಸಾದರೆ ಇವನನ್ನು ಇಲ್ಲಿಯೇ ಇಟ್ಟುಕೊಳ್ಳಬಹುದು ಎಂದು ಅವರಿಗೆ ಅರ್ಥವಾಯಿತು. ತುಂಗಾಳಿಗೂ ಹಾಗೆಯೇ ಅರ್ಥವಾಯಿತು. ಮರುದಿನದಿಂದ ಕೋಚಿಂಗ್ ಶುರು.

ಬುಧವಾರ ರಾಫಿಯಾ ಮಂಗಳೂರಿನಿಂದ ಮೊದಲ ಬಸ್ಸಿಗೆ ಬಂದು, ಪೇಟೆಯಲ್ಲಿಟ್ಟಿದ್ದ ಸ್ಕೂಟರ್ ತೆಗೆದು ನೇರ ತುಂಗಾಳ ಮನೆಗೆ ಹೋದಳು. ಅಂಗಳಕ್ಕೆ ಕಾಲಿಟ್ಟಾಗಲೇ ಫಿನಾಯಿಲ್ ಮತ್ತು ಊದುಬತ್ತಿಯ ವಾಸನೆ. ಯಾವತ್ತೂ ಜಗಲಿಯ ತಂತಿಯಲ್ಲಿ ಒಣಗುತ್ತಿದ್ದ ಹರಕು ಬಟ್ಟೆಗಳು ಇಲ್ಲ. ಪ್ಲಾಸ್ಟಿಕ್ ಹಾಳೆ, ಬೇಸಿನ್ ಎಲ್ಲ ಹಿಂದಿನ ಕೊಟ್ಟಿಗೆಗೆ ಹೋಗಿದ್ದವು. ರಾಮಪ್ರಸಾದನಿಗೆ ಗಡ್ಡ ಹೆರೆದು, ಇಸ್ತ್ರಿಯ ಬಿಳಿ ಅಂಗಿ ತೊಡಿಸಿ, ಹಣೆಗೆ ಗಂಧ ಇಟ್ಟಿದ್ದರು. ಬೆನ್ನ ಹಿಂದೆ ಮಾಸ್ಟ್ರು, ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತ ಹಾಗೆ.

ಸಂಸ್ಥೆಯಿಂದ ಬಂದವನು ಇರ್ಷಾದ್, ಫಿಸಿಯೋಥೆರಪಿ ಓದಿದ ಇಪ್ಪತ್ತಾರು ವರ್ಷದವನು. ತುಂಗಾ ಅವನಿಗೆ ಅವಲಕ್ಕಿ, ಬಾಳೆಹಣ್ಣು, ಕಾಫಿ ಇಟ್ಟಳು. ಅವನು ಮೊದಲನೆಯ ಪ್ರಶ್ನೆ ಓದಿದ. ರಾಮಪ್ರಸಾದ ನಡುಗುವ ಕೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟನ್ನು ಬಾಯಿಗೆ ಇಟ್ಟುಕೊಂಡ. ಒಂದು, ಎರಡು, ಮೂರು ಚಮಚ. ರಾಫಿಯಾ ಕಣ್ಣು ಪಿಳಿಪಿಳಿ ಬಿಟ್ಟಳು. ಎದ್ದು ನಿಲ್ಲುತ್ತಾನಾ ಎಂದಾಗ ಕಿಟಕಿಯ ಸರಳು ಹಿಡಿದು ನಿಂತ, ಮಾಸ್ಟ್ರು ಹಿಂದಿನಿಂದ ಮೆಲ್ಲಗೆ ಎಂಟರವರೆಗೆ ಎಣಿಸಿದರು. ಮೂತ್ರದ ಪ್ರಶ್ನೆಗೆ ತುಂಗಾಳೇ ಉತ್ತರ ಕೊಟ್ಟಳು, ಅವನೇ ಹೇಳ್ತಾನೆ ಎಂದು. ರಾತ್ರಿಯೂ ತೊಂದರೆ ಇಲ್ಲ. ಫಿಟ್ಸ್ ಬಾರದೆ ಎಷ್ಟೋ ಕಾಲವಾಯಿತು. ಯಾರಿಗೂ ಉಪದ್ರ ಇಲ್ಲ, ಬಂಗಾರದಂಥವನು.

ರಾಫಿಯಾ ಬಾಯಿ ತೆರೆದಳು. ಮಾಸ್ಟ್ರು ತುಟಿಯ ಮೇಲೆ ಬೆರಳಿಟ್ಟರು. ನಲ್ವತ್ತೊಂದು ವರ್ಷದ ಹೆಂಗಸು, ಪೊಲೀಸರ ಎದುರು ನಿಂತು ಮಾತಾಡಿದವಳು, ಆ ಬೆರಳು ನೋಡಿ ಬಾಯಿ ಮುಚ್ಚಿದಳು.

ಅಂಗಳ ದಾಟಿದ ಮೇಲೆ ಇರ್ಷಾದನ ಬೈಕಿಗೆ ಅಡ್ಡ ನಿಂತು ಎಲ್ಲ ಹೇಳಿದಳು. ಅವನಿಗೂ ಅನುಮಾನ ಬಂದಿತ್ತು. ಆದರೆ ಕಣ್ಣಿಗೆ ಕಂಡದ್ದನ್ನು, ನೋಡಿಕೊಳ್ಳುವವರು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಬರೆಯುವ ಹಾಗಿಲ್ಲ ಎಂದ. ಮತ್ತೆ ಪರೀಕ್ಷೆ ಆರು ತಿಂಗಳಿಗೆ. ಅದಕ್ಕಿಂತ ಮೊದಲು ಬೇಕಾದರೆ ತಾಯಿಯೇ ಸಾಕ್ಷಿಯ ಎದುರು, ಮೊದಲು ಹೇಳಿದ್ದು ತಪ್ಪು ಎನ್ನಬೇಕು. ಕಾಗದ ಕೈಯಲ್ಲಿ ಹಿಡಿದು ರಾಫಿಯಾ ಜಗಲಿಗೆ ವಾಪಸು ಬಂದಳು. ಮಾಸ್ಟ್ರು ಕಾಯುತ್ತಿದ್ದರು.

“ಎಷ್ಟು ಬಂತು?”

“ಅರವತ್ತೈದು.”

“ಫಸ್ಟ್ ಕ್ಲಾಸ್,” ಎಂದರು ಮಾಸ್ಟ್ರು, ರಾಮಪ್ರಸಾದನ ಬೆನ್ನು ತಟ್ಟಿ.

“ಮಾಸ್ಟ್ರೆ, ಇದ್ರಲ್ಲಿ ಫೇಲ್ ಆಗ್ಬೇಕಿತ್ತು.”

ಅವಳು ವಿವರಿಸಿದಳು. ಮಾಸ್ಟ್ರು ಫಾರ್ಮನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದರು, ತಪ್ಪು ಅದರಲ್ಲೇ ಎಲ್ಲೋ ಇದೆ ಎನ್ನುವ ಹಾಗೆ. ಆಮೇಲೆ ಚಪ್ಪಲಿ ಮೆಟ್ಟಿ ತಮ್ಮ ಮನೆಗೆ ಹೋದರು. ಎರಡು ದಿನ ಹೊರಗೆ ಕಾಣಿಸಲಿಲ್ಲ.

ಒಂದನೇ ತಾರೀಕಿಗೆ ಆರು ದಿನ ಉಳಿದಿತ್ತು. ಗುರುವಾರ ಬೆಳಿಗ್ಗೆ ರಾಫಿಯಾ ಹೋಗಿ ತುಂಗಾಳನ್ನು ಕೇಳಿಕೊಂಡಳು, ಸಂಜೆ ಮತ್ತೆ ಕೇಳಿಕೊಂಡಳು. ತುಂಗಾ ಹಪ್ಪಳ ಒತ್ತುತ್ತಲೇ ಇದ್ದಳು. ಹೆತ್ತ ಮಗನನ್ನು ನಾನೇ ಹೀಗಳೆಯಬೇಕಾ ಎಂದು ಒಮ್ಮೆ ಕೇಳಿದಳು. ಅವನು ಆ ಮೂರು ಚಮಚ ತಿಂದದ್ದು ಸುಳ್ಳಲ್ಲವಲ್ಲ ಎಂದೂ ಕೇಳಿದಳು. ಕಳಿಸುವುದಕ್ಕೆ ಒಪ್ಪಿದ್ದೀರಾ ಹಾಗಾದರೆ ಎಂದಾಗ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. ಅತ್ತ ಶುಭಶ್ರೀ ತಮ್ಮನ ಅಂಗಿಗಳ ಕಾಲರಿನ ಒಳಗೆ ಅವನ ಹೆಸರು ಹೊಲಿಸಿ ತಂದಿಟ್ಟಿದ್ದಳು. ವಸತಿ ಕೇಂದ್ರದವರು ಹಾಗೆ ಹೇಳಿದ್ದರಂತೆ, ಒಗೆಯುವಾಗ ಅದಲುಬದಲಾಗದಿರಲಿ ಎಂದು.

ಆ ಎರಡು ದಿನ ರಾಫಿಯಾ ಸ್ಕೂಟರನ್ನು ಸುಮ್ಮನೆ ಓಡಿಸಿದಳು. ಪಟ್ಟಿಯ ಬೇರೆ ಮನೆಗಳಿಗೆ ಹೋಗಿ ಅರ್ಧಕ್ಕೆ ಎದ್ದು ಬಂದಳು. ಒಬ್ಬ ಅಜ್ಜನ ಮಾತ್ರೆಯ ಹೆಸರನ್ನು ಇನ್ನೊಬ್ಬನ ಸಾಲಿನಲ್ಲಿ ಬರೆದು, ದಾರಿಯಲ್ಲಿ ನೆನಪಾಗಿ, ತಿರುಗಿ ಹೋಗಿ ಹೊಡೆದುಹಾಕಿದಳು.

ಅವಳ ಮದುವೆಯ ವಿಷಯ ಹೇಳಬೇಕಾದ್ದು ಈಗ. ಇಪ್ಪತ್ತೆರಡರಲ್ಲಿ ಹುಡುಗನ ಕಡೆಯ ಹೆಂಗಸರು ನೋಡಲು ಬಂದಾಗ ಅವಳನ್ನು ಮೊದಲೇ ಮಂಚದ ಮೇಲೆ ಕೂರಿಸಿ, ಕಾಲಿನ ಮೇಲೆ ಹೊದಿಕೆ ಹಾಕಿ, ಅವರು ಹೋಗುವವರೆಗೆ ಏಳಬಾರದು ಎಂದು ಚಿಕ್ಕಮ್ಮ ಕಟ್ಟಪ್ಪಣೆ ಮಾಡಿದ್ದಳು. ಬಂದವರು ಮುಖ ನೋಡಿ ಒಪ್ಪಿದರು. ಗಂಡನ ಮನೆಯ ಮೆಟ್ಟಿಲು ಹತ್ತುವಾಗ ವಿಷಯ ಬಯಲಾಯಿತು. ಹನ್ನೊಂದು ತಿಂಗಳಿಗೆ ವಾಪಸು ಬಂದಳು. ಆ ಗಂಡನ ಮೇಲೆ ಅವಳಿಗೆ ಸಿಟ್ಟಿಲ್ಲ. ಹೊದಿಕೆ ಹಾಕಿದ ಚಿಕ್ಕಮ್ಮನ ಜೊತೆ ಇವತ್ತಿಗೂ ಮಾತಿಲ್ಲ.

ಶುಕ್ರವಾರ ಇರ್ಷಾದನಿಗೆ ಫೋನ್ ಮಾಡಿ, ತಾಯಿ ಹೇಳಲು ಒಪ್ಪಿದ್ದಾರೆ, ನಾಳೆ ಬಾ ಎಂದಳು. ತುಂಗಾ ಒಪ್ಪಿರಲಿಲ್ಲ. ಮಾಸ್ಟ್ರ ಮನೆಗೆ ಹೋಗಿ, ಸಾಕ್ಷಿಗೆ ನೀವೇ ಬರಬೇಕು ಎಂದಳು. ಅವರು ಆಗದು ಎಂದರು. ಅವಳು ಬಾಗಿಲಲ್ಲಿ ನಿಂತೇ ಇದ್ದಳು. ಕಾಲು ನೋವಾಗಿ ಗೋಡೆ ಹಿಡಿದುಕೊಂಡ ಮೇಲೆ ಅವರು ಬರುತ್ತೇನೆ ಎಂದರು.

ಶನಿವಾರ ಹತ್ತು ಗಂಟೆಗೆ ಜಗಲಿಯಲ್ಲಿ ಐದು ಜನ. ಇರ್ಷಾದ್, ಮಾಸ್ಟ್ರು, ಬಂಟ್ವಾಳದಿಂದ ಬಂದ ಶುಭಶ್ರೀ, ರಾಫಿಯಾ, ತುಂಗಾ. ರಾಮಪ್ರಸಾದ ಕುರ್ಚಿಯಲ್ಲಿ ರಸ್ತೆ ನೋಡುತ್ತಿದ್ದ. ತುಂಗಾ ಕಾಫಿ ತಂದಳು. ಮೊದಲು ಹೇಳಿದ್ದರಲ್ಲಿ ಏನಾದರೂ ಬದಲಿಸುವುದು ಉಂಟಾ ಎಂದು ಇರ್ಷಾದ್ ಕೇಳಿದ. ಇಲ್ಲ, ಎಲ್ಲ ಅವತ್ತು ಹೇಳಿದ ಹಾಗೆಯೇ ಎಂದು ತುಂಗಾ ಲೋಟಗಳನ್ನು ನೇರ ಮಾಡಿದಳು. ಇರ್ಷಾದ್ ರಾಫಿಯಾಳನ್ನು ನೋಡಿದ.

ರಾಫಿಯಾ ಚೀಲದಿಂದ ಉದ್ದ ಪುಸ್ತಕ ತೆಗೆದಳು. ನಿಂತುಕೊಂಡೇ ಓದತೊಡಗಿದಳು.

ಜೂನ್ ಹತ್ತು. ಹಾಸಿಗೆಯಲ್ಲಿ ಎರಡೂ ಆಗಿತ್ತು, ಬೆಳಿಗ್ಗೆಯಿಂದ ಮೂರು ಸಲ ಬಟ್ಟೆ ಬದಲಿಸಿದ್ದಾರೆ. ಆಗಸ್ಟ್ ಐದು. ತಾಯಿಯ ಎಡಭುಜದಲ್ಲಿ ಹಲ್ಲಿನ ಗಾಯ, ಕೇಳಿದ್ದಕ್ಕೆ ನಾಯಿ ಕಚ್ಚಿತು ಅಂದರು, ಆಮೇಲೆ ಮಗ ಅಂದರು. ಸೆಪ್ಟೆಂಬರ್ ಎರಡು. ತಾಯಿ ಸ್ನಾನಕ್ಕೆ ಹೋಗುವಾಗ ಅವನನ್ನು ಹಳೆ ಸೀರೆಯಿಂದ ಕಿಟಕಿಗೆ ಕಟ್ಟುತ್ತಾರೆ.

ಶುಭಶ್ರೀ ಎದ್ದು ನಿಂತು, ಸಾಕು ನಿಲ್ಲಿಸು ಎಂದಳು. ಮಾಸ್ಟ್ರು ನೆಲ ನೋಡುತ್ತಿದ್ದರು. ತುಂಗಾ ಮುಖ ಎತ್ತಲಿಲ್ಲ. ರಾಫಿಯಾ ಪುಟ ತಿರುಗಿಸಿ ಓದಿದಳು.

“ನವೆಂಬರ್ ಹದಿನೆಂಟು. ಮಗನಿಗೆ ಹೊಡೆದೆ ಅಂತ ಹೇಳಿದ್ರು. ಎರಡು ಸಲ.”

“ಐದು,” ಎಂದಳು ತುಂಗಾ.

ರಾಫಿಯಾ ಪುಸ್ತಕದಿಂದ ತಲೆ ಎತ್ತಿದಳು.

“ಎರಡು ಅಂತ ನಿನಗೆ ಹೇಳಿದ್ದು. ಐದು ಸಲ. ಬೆನ್ನಿಗೆ.” ಅವಳು ಇರ್ಷಾದನ ಕಡೆ ತಿರುಗಿದಳು. “ನೀವು ಬರೆದುಕೊಳ್ಳಿ. ಮೂತ್ರ ಅವನಿಗೆ ಗೊತ್ತಾಗುವುದಿಲ್ಲ. ಫಿಟ್ಸ್ ಕಳೆದ ತಿಂಗಳು ನಾಲ್ಕು ಸಲ ಬಂದಿದೆ. ಆ ಮೂರು ಚಮಚಕ್ಕೆ ಏಳು ದಿನ ಬೆಳಿಗ್ಗೆ ಅವನನ್ನು ಹಸಿದು ಕೂರಿಸಿದ್ದೇವೆ, ನಾನೂ ಮಾಸ್ಟ್ರೂ. ಅವನು ಅಳ್ತಿದ್ದ. ಅಳಲಿ ಅಂತ ಬಿಟ್ಟೆವು.”

ಮಾಸ್ಟ್ರು ಎದ್ದು ಅಂಗಳಕ್ಕೆ ಇಳಿದರು. ತುಂಗಾ ಅವರಿಗಾಗಿ ನಿಲ್ಲಲಿಲ್ಲ. ಹಪ್ಪಳದ ಲೆಕ್ಕ ಒಪ್ಪಿಸುವ ಅದೇ ದನಿಯಲ್ಲಿ ಮುಂದುವರಿಸಿದಳು. ಎಷ್ಟು ಗಂಟೆಗೆ ಏಳುತ್ತಾಳೆ, ಎಷ್ಟು ಬಕೆಟ್ ನೀರು, ಯಾವ ಕೈ ಈಗ ಮೇಲೆ ಏಳುವುದಿಲ್ಲ, ರಾತ್ರಿ ಎಷ್ಟು ಸಲ ಅವನನ್ನು ಮಗ್ಗುಲು ತಿರುಗಿಸಬೇಕು. ಇರ್ಷಾದ್ ಬರೆಯುತ್ತಾ ಹೋದ.

“ಮತ್ತೆ ಜನವರಿಯದ್ದು,” ಎಂದಳು ತುಂಗಾ. “ಅದು ಜಾರಿ ಬಿದ್ದದ್ದಲ್ಲ. ಎತ್ತುವಾಗ ನಾನು ಕೈ ಬಿಟ್ಟೆ. ಕೈ ಸೋತು ಬಿಟ್ಟದ್ದಾ, ಸಾಕಾಗಿ ಬಿಟ್ಟದ್ದಾ, ನನಗೇ ಗೊತ್ತಿಲ್ಲ.”

ಶುಭಶ್ರೀ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮುಟ್ಟಲಿಲ್ಲ, ಸುಮ್ಮನೆ ಕೂತಳು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ರಾಮಪ್ರಸಾದ ಅದರ ಹೆಸರು ಹೇಳಿದ.

ಈ ಸಲ ಬಂದದ್ದು ಹತ್ತು ಅಂಕ. ಸೋಮವಾರ ಸಂಸ್ಥೆಯಿಂದ ಒಪ್ಪಿಗೆ ಬಂತು. ಒಂದನೇ ತಾರೀಕು ಬೆಳಿಗ್ಗೆ ಏಳಕ್ಕೆ ಕಕ್ಕಿಂಜೆಯ ಸಜ್ನಾ ಎಂಬ ಗಟ್ಟಿಮುಟ್ಟು ಹೆಂಗಸು ಎರಡು ಬಸ್ಸು ಬದಲಿಸಿ ಬಂದು, ರಾಮಪ್ರಸಾದನನ್ನು ಒಂದೇ ಪಟ್ಟಿಗೆ ಎತ್ತಿ ಬಚ್ಚಲಿಗೆ ಕೊಂಡುಹೋದಳು. ಶುಭಶ್ರೀ ವಸತಿ ಕೇಂದ್ರಕ್ಕೆ ಫೋನ್ ಮಾಡಿ ಈಗ ಬರುವುದಿಲ್ಲ ಎಂದಳು. ಹೆಸರು ತೆಗೆಸಲಿಲ್ಲ, ಆರು ತಿಂಗಳು ಮುಂದೂಡಿದಳು. ಅವಳನ್ನು ದೂರಿ ಫಲವಿಲ್ಲ. ಯಾವ ಸಂಸ್ಥೆ ಯಾವ ದಿನ ಬಾಗಿಲು ಹಾಕುತ್ತದೆ ಎಂದು ನೋಡಿದವರೇ ನಾವೆಲ್ಲ.

ತುಂಗಾ ಆ ಶನಿವಾರದಿಂದ ರಾಫಿಯಾಳ ಜೊತೆ ಮಾತಾಡಿಲ್ಲ. ರಾಫಿಯಾ ಮಂಗಳವಾರ ಹೋದರೆ ಕಾಫಿ ಬರುತ್ತದೆ, ಲೋಟ ಜಗಲಿಯಲ್ಲಿ ಇಟ್ಟು ತುಂಗಾ ಒಳಗೆ ಹೋಗುತ್ತಾಳೆ. ಮಾಡಿದ್ದು ಸರಿಯಾ ಎಂದು ಕೇಳಿದರೆ ರಾಫಿಯಾ ಸರಿ ಎನ್ನುವುದಿಲ್ಲ. ನಂಬಿ ಹೇಳಿದ್ದನ್ನು ನಾಲ್ಕು ಜನರ ಎದುರು ಓದಿದವಳು ನಾನು ಎನ್ನುತ್ತಾಳೆ, ಅಷ್ಟೆ. ಸುದ್ದಿ ಊರಿಡೀ ಹಬ್ಬಿತು, ಅವಳು ಬರೆದಿಡುತ್ತಾಳೆ ಎಂದು. ಮೂರು ಮನೆಗಳಲ್ಲಿ ಈಗ ಅವಳಿಗೂ ಒಳ್ಳೆದುಂಟು ಎಂಬ ಉತ್ತರ ಬರುತ್ತದೆ. ಬರೆಯುವ ಮೊದಲು ಈಗ ಅವಳು ಬರೆಯಲಾ ಎಂದು ಕೇಳುತ್ತಾಳೆ. ಬೇಡ ಎಂದರೆ ಬರೆಯುವುದಿಲ್ಲ. ಬರೆಯದಿದ್ದುದರ ಭಯವನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗುತ್ತಾಳೆ.

ಮೊನ್ನೆ ಮಂಗಳವಾರ ಅವಳು ಹೋದಾಗ ಸಜ್ನಾ ರಾಮಪ್ರಸಾದನ ತಲೆ ಒರೆಸುತ್ತಿದ್ದಳು. ತುಂಗಾ ಬಾಗಿಲ ಒಳಗೆ ನಿಂತು, ರಾಫಿಯಾಳನ್ನು ನೋಡದೆ, ಸಜ್ನಾಳಿಗೆ ಹೇಳಿದಳು.

“ಸಂಜೆಯ ಹೊತ್ತಿಗೆ ಮಾಸ್ಟ್ರು ಬೇಡ ಅಂತ ಅವಳಿಗೆ ಹೇಳು. ಇವನಿಗೆ ಪುನಃ ಮಗ್ಗಿ ಶುರು ಮಾಡಿದ್ದಾರೆ.”

“ಮಗ್ಗಿ ಬೇಡ ಅಂತ ನಾನು ಹೇಳ್ತೇನೆ ಅವರಿಗೆ,” ಎಂದಳು ರಾಫಿಯಾ, ಅವಳೂ ಸಜ್ನಾಳಿಗೇ.

“ಅವರು ಕೇಳುವ ಜನ ಅಲ್ಲ. ಬೇರೆ ಯಾರನ್ನಾದ್ರೂ ಹುಡುಕಲಿಕ್ಕೆ ಹೇಳು.”

ಇಬ್ಬರ ನಡುವೆ ಟವೆಲು ಹಿಡಿದು ನಿಂತ ಸಜ್ನಾ, ನನ್ನನ್ನು ಎಂಥ ಪೋಸ್ಟ್ ಆಫೀಸು ಮಾಡಿದ್ರಿ ಮಾರಾಯ್ರೆ ಎಂದು ಗೊಣಗಿದಳು. ರಾಫಿಯಾ ಹಾಳೆ ತೆಗೆದು ಐದರಿಂದ ಆರರ ಎದುರಿನ ಹೆಸರನ್ನು ಹೊಡೆದುಹಾಕಿದಳು. ಆ ಜಾಗ ಖಾಲಿಯಾಯಿತು. ಸಂಜೆ ಐದಕ್ಕೆ ಇನ್ನು ಏಳು ಗಂಟೆ ಇತ್ತು. ಈ ರಸ್ತೆಯಲ್ಲಿ ಇನ್ನೂ ಕೇಳದ ಮನೆಗಳು ಆರು. ಕಾಫಿಯನ್ನು ನಿಂತೇ ಕುಡಿದು, ಲೋಟ ಇದ್ದಲ್ಲೇ ಇಟ್ಟು, ಅವಳು ಸ್ಕೂಟರ್ ಚಾಲೂ ಮಾಡಿದಳು.